ರೇಡಿಯೋದಲ್ಲಿ ಬಂದ ಅಕ್ಷರ: ಎಷ್ಟರ ಮಟ್ಟಿಗೆ ನಂಬಬಹುದು?



ಹೊಳೆ ಉಕ್ಕಿ ಸೇತುವೆ ಮುಳುಗಿತೆಂದರೆ ಮೊದಲು ಹೋಗುವುದು ಕರೆಂಟು. ಅದು ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗುವುದು. ಆಮೇಲೆ ಜೇಬಿನಲ್ಲಿರುವ ಫೋನು ಗಂಟೆ ನೋಡುವುದಕ್ಕೆ ಮಾತ್ರ. ಅಂತಹ ಹೊತ್ತಿನಲ್ಲಿ “ನಮ್ಮೂರಿಗೆ ಇಷ್ಟು ಚೀಲ ಅಕ್ಕಿ ಬೇಕು, ಇಷ್ಟು ಸೀಸೆ ಔಷಧ ಬೇಕು” ಎಂದು ತಾಲ್ಲೂಕು ಕೇಂದ್ರಕ್ಕೆ ತಿಳಿಸಲು ಉಳಿಯುವ ಕೆಲವೇ ದಾರಿಗಳಲ್ಲಿ ಹವ್ಯಾಸಿ ರೇಡಿಯೋ ಒಂದು.

ಈ ರೇಡಿಯೋದಲ್ಲಿ ಬಾಯಿಂದ ಮಾತನಾಡುವುದಲ್ಲದೆ, ಕಂಪ್ಯೂಟರನ್ನು ಜೋಡಿಸಿ ಅಕ್ಷರಗಳನ್ನೇ ಕಳುಹಿಸುವ ಪದ್ಧತಿಗಳೂ ಈಗ ಬಹಳ ಬಳಕೆಗೆ ಬಂದಿವೆ. ಇವಕ್ಕೆ ಡಿಜಿಟಲ್ ಪದ್ಧತಿಗಳೆಂದು ಹೆಸರು. “ಯಂತ್ರವೇ ಬರೆದುಕೊಟ್ಟ ಮೇಲೆ ತಪ್ಪು ಎಲ್ಲಿಂದ ಬಂದೀತು?” ಎನ್ನುವವರುಂಟು. “ಯಂತ್ರ ನಂಬಿ ಕೆಟ್ಟೇವು, ಮಾತೇ ವಾಸಿ” ಎನ್ನುವವರೂ ಉಂಟು. ಎರಡು ಮಾತೂ ಪೂರ್ತಿ ಸರಿಯಲ್ಲ. 70 ಚೀಲ ಕೇಳಿದ ಊರಿಗೆ 10 ಚೀಲ ಬಂದರೆ ಉಪವಾಸ ಬೀಳುವವರು ಆ ಊರಿನವರೇ. ಆದಕಾರಣ ಯಾವ ಪದ್ಧತಿ ಎಲ್ಲಿ ಮೋಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ಹಳ್ಳಿಯವರಾದ ನಾವೂ ತಿಳಿದಿರುವುದು ಅಗತ್ಯ.

ಹವ್ಯಾಸಿ ರೇಡಿಯೋ ಎಂದರೇನು?

ಸಂಬಳಕ್ಕಲ್ಲದೆ, ವ್ಯಾಪಾರಕ್ಕಲ್ಲದೆ, ವಿದ್ಯೆಯ ಮೇಲಿನ ಆಸೆಯಿಂದ ರೇಡಿಯೋ ಕೇಂದ್ರ ಇಟ್ಟುಕೊಂಡವರು ಹವ್ಯಾಸಿಗಳು. ಇವರನ್ನು ‘ಹ್ಯಾಮ್’ ಎಂದೂ ಕರೆಯುವರು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸ್ ಪಡೆದವರು ಮಾತ್ರ ಇದನ್ನು ನಡೆಸಬಹುದು. ಲೈಸೆನ್ಸ್ ಇಲ್ಲದೆ ಕಳುಹಿಸುವುದು ಅಪರಾಧ. ಅದರಲ್ಲಿ ಅಡಿಕೆ ವ್ಯಾಪಾರ ಮಾಡುವಂತಿಲ್ಲ.

ನಮ್ಮ ರಾಜ್ಯಕ್ಕೂ ಈ ವಿದ್ಯೆಗೂ ನಂಟುಂಟು. ಬೆಂಗಳೂರಿನಲ್ಲಿ ಇಸ್ರೋ ಸಿದ್ಧಪಡಿಸಿದ ‘ಹ್ಯಾಮ್‌ಸ್ಯಾಟ್’ ಎಂಬ ಉಪಗ್ರಹವನ್ನು 2005ರ ಮೇ 5ರಂದು ಹಾರಿಸಲಾಯಿತು. 2014ರವರೆಗೆ ಅದು ಹವ್ಯಾಸಿಗಳ ಸಂಕೇತಗಳನ್ನು ಮೇಲಿನಿಂದ ಹಿಂದಿರುಗಿಸುತ್ತಿತ್ತು. ಕಷ್ಟಕಾಲದಲ್ಲಿ ಈ ರೇಡಿಯೋದ ಬೆಲೆ ತಿಳಿದುದು 2004ರ ಡಿಸೆಂಬರ್ 26ರ ಸುನಾಮಿಯಲ್ಲಿ. ಭಾರತಿ ಪ್ರಸಾದ್ ಎಂಬ ಹವ್ಯಾಸಿ ಆಗ ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಈಗ ಆ ಊರಿಗೆ ಶ್ರೀ ವಿಜಯ ಪುರಂ ಎಂದು ಹೆಸರು. ದ್ವೀಪಗಳಿಂದ ಸುದ್ದಿ ಹೊರಗೆ ಬರುವ ದಾರಿಗಳು ಕಡಿದುಹೋಗಿದ್ದಾಗ ಅವರ ರೇಡಿಯೋ ನೆರವಿಗೆ ಬಂತು. ಅಲ್ಲಿ ಮುಖ್ಯವಾಗಿ ನಡೆದದ್ದು ಬಾಯಿಮಾತಿನ ಸಂಪರ್ಕವೆಂಬುದನ್ನು ಗಮನಿಸಬೇಕು. ಮಾತಿನ ರೇಡಿಯೋಗೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು.

ಮೂರು ಪ್ರಶ್ನೆಗಳು

ಬೀಜದ ಚೀಲ ಕೊಳ್ಳುವಾಗ ನಾವು ಮೊಳಕೆ ಎಷ್ಟು ಬರುತ್ತದೆ, ಬಂದದ್ದು ಹೇಳಿದ ತಳಿಯೇ ಹೌದೇ ಎಂದು ಎರಡು ಬೇರೆ ಮಾತು ಕೇಳುತ್ತೇವೆ. ನೂರಕ್ಕೆ ತೊಂಬತ್ತು ಮೊಳೆತು, ಎಲ್ಲ ಬೇರೆ ತಳಿಯಾದರೆ ಪ್ರಯೋಜನವಿಲ್ಲ. ಸಂದೇಶದ ವಿಷಯದಲ್ಲಿಯೂ ಹಾಗೆಯೇ. ನಂಬಿಕೆ ಎಂಬುದನ್ನು ಮೂರು ಪ್ರಶ್ನೆಗಳಾಗಿ ಒಡೆದು ನೋಡಬೇಕು.

ಒಂದು: ಸಂದೇಶ ಮುಟ್ಟಿತೇ?

ಎರಡು: ಕಳುಹಿಸಿದ್ದೇ ಮುಟ್ಟಿತೇ, ದಾರಿಯಲ್ಲಿ ಬದಲಾಯಿತೇ?

ಮೂರು: ಓದಿದವರು ಅದನ್ನು ಸರಿಯಾಗಿ ತಿಳಿದರೇ?

ಡಿಜಿಟಲ್ ಪದ್ಧತಿಗಳು ಹತ್ತಾರು ಇವೆ. ಕೆಲವು ಮೊದಲನೆಯ ಪ್ರಶ್ನೆಯಲ್ಲಿ ಗಟ್ಟಿ, ಎರಡನೆಯದರಲ್ಲಿ ಜಳ್ಳು. ಕೆಲವು ಎರಡರಲ್ಲಿಯೂ ಗಟ್ಟಿ, ಆದರೆ ಹೊರುವ ಹೊರೆ ಬಹಳ ಚಿಕ್ಕದು. ಮೂರನೆಯ ಪ್ರಶ್ನೆಗೆ ಮಾತ್ರ ಯಾವ ಯಂತ್ರವೂ ಉತ್ತರ ಹೇಳಲಾರದು.

ತಾಳೆಯಿಲ್ಲದ ಪದ್ಧತಿಗಳು

ಎರಡನೆಯ ಮಹಾಯುದ್ಧದ ತರುವಾಯ ಹವ್ಯಾಸಿಗಳು ಟೆಲಿಪ್ರಿಂಟರ್ ಯಂತ್ರವನ್ನು ರೇಡಿಯೋಗೆ ಜೋಡಿಸತೊಡಗಿದರು. ಈ ಪದ್ಧತಿಯನ್ನು ರೇಡಿಯೋ ಟೆಲಿಟೈಪ್ ಅಥವಾ ‘ರಿಟ್ಟಿ’ ಎನ್ನುವರು. ಇದರಲ್ಲಿ ಪ್ರತಿ ಅಕ್ಷರಕ್ಕೂ ಐದು ಮಿಡಿತಗಳು. ಒಂದೊಂದು ಮಿಡಿತವೂ ‘ಉಂಟು’ ಅಥವಾ ‘ಇಲ್ಲ’. ಒಂದು ಮಿಡಿತದ ಕಾಲ ಸೆಕೆಂಡಿನ ಸಾವಿರ ಪಾಲಿನಲ್ಲಿ 22 ಪಾಲು.

ಈ ಲೆಕ್ಕದಲ್ಲಿ 7 ಎಂಬ ಅಂಕಿಗೆ ‘ಉಂಟು, ಉಂಟು, ಉಂಟು, ಇಲ್ಲ, ಇಲ್ಲ’. 1 ಎಂಬ ಅಂಕಿಗೆ ‘ಉಂಟು, ಉಂಟು, ಉಂಟು, ಇಲ್ಲ, ಉಂಟು’. ಕೊನೆಯ ಒಂದು ಮಿಡಿತ ಬಿಟ್ಟರೆ ಎರಡೂ ಒಂದೇ. ಎಲ್ಲೋ ಮಿಂಚಿದ ಸಿಡಿಲು ಆ ಒಂದು ಮಿಡಿತವನ್ನು ಕೆಡಿಸಿದರೆ 70 ಚೀಲ 10 ಚೀಲವಾಗುವುದು. 8 ಮತ್ತು 0 ಇವುಗಳ ನಡುವೆಯೂ ಕೊನೆಯ ಮಿಡಿತವೊಂದೇ ವ್ಯತ್ಯಾಸ. 8 ಸೀಸೆ ಔಷಧ 0 ಸೀಸೆಯಾಗಲು ಅಷ್ಟು ಸಾಕು. ಕಾಗದದ ಮೇಲೆ ಬಿದ್ದ 10 ಎಂಬುದು ಶುದ್ಧವಾಗಿಯೇ ಕಾಣುವುದು. ಕೆಟ್ಟದ್ದೆಂದು ತಿಳಿಸುವ ಗುರುತು ಯಾವುದೂ ಇಲ್ಲ. ಬಾಯಿಮಾತಿನಲ್ಲಾದರೆ ಕರಕರ ಸದ್ದು ಕೇಳಿದವನು “ಏನೆಂದಿರಿ?” ಎಂದು ಕೇಳುತ್ತಿದ್ದ. ಇಲ್ಲಿ ಕೇಳಬೇಕೆಂಬುದೇ ಅವನಿಗೆ ತೋಚದು.

ಐದು ಮಿಡಿತಗಳಿಂದ 32 ಗುರುತುಗಳು ಮಾತ್ರ ಸಾಧ್ಯ. ಇಂಗ್ಲಿಷಿನ 26 ಅಕ್ಷರಗಳಿಗೂ 10 ಅಂಕಿಗಳಿಗೂ ಇಷ್ಟು ಸಾಲದು. ಆದ್ದರಿಂದ “ಇನ್ನು ಮುಂದೆ ಅಂಕಿ” ಎಂದು ಮೊದಲೇ ಒಂದು ಗುರುತು ಕಳುಹಿಸಿ, ಅದೇ ಮಿಡಿತಗಳಿಗೆ ಬೇರೆ ಅರ್ಥ ಕೊಡುವರು. ಆ ಗುರುತು ದಾರಿಯಲ್ಲಿ ಕಳೆದರೆ ಅಂಕಿಗಳೆಲ್ಲ ಅಕ್ಷರಗಳಾಗಿ ಬೀಳುವುವು. 599 ಎಂದು ಕಳುಹಿಸಿದ್ದು ‘ಟಿ, ಓ, ಓ’ ಎಂದು ಬರುವುದನ್ನು ಈ ಪದ್ಧತಿಯವರೆಲ್ಲ ಬಲ್ಲರು. ಇಂತಹ ತಪ್ಪು ಕಣ್ಣಿಗೆ ಬೀಳುವುದರಿಂದ ಭಯ ಕಡಿಮೆ. ಹೆಚ್ಚು ಅಪಾಯ ಕಣ್ಣಿಗೆ ಬೀಳದ ತಪ್ಪಿನಿಂದ.

1998ರಲ್ಲಿ ಪೀಟರ್ ಮಾರ್ಟಿನೆಜ್ ಎಂಬ ಬ್ರಿಟಿಷ್ ಹವ್ಯಾಸಿ ‘ಪಿಎಸ್‌ಕೆ-31’ ಎಂಬ ಪದ್ಧತಿಯನ್ನು ಹೊರತಂದರು. ಇದು ಬಹಳ ಕಡಿಮೆ ಜಾಗ ಹಿಡಿಯುವುದು; ಕೆಲವೇ ವ್ಯಾಟ್ ಶಕ್ತಿಯಲ್ಲಿ ದೂರ ಹೋಗುವುದು; ನಿಮಿಷಕ್ಕೆ ಸುಮಾರು 50 ಪದ ನಡೆಸುವುದು. ಇಬ್ಬರು ಕುಳಿತು ಹರಟುವುದಕ್ಕೆ ಇದು ಬಹಳ ಚೆನ್ನ. ಆದರೆ ಸಾಮಾನ್ಯ ಬಳಕೆಯ ಪಿಎಸ್‌ಕೆ-31ರಲ್ಲಿಯೂ ತಾಳೆ ನೋಡುವ ಏರ್ಪಾಡಿಲ್ಲ. ಹರಟೆಯಲ್ಲಿ ಒಂದಕ್ಷರ ಕೆಟ್ಟರೆ ಮುಂದಿನ ಮಾತಿನಿಂದ ಅರ್ಥ ತಿಳಿಯುತ್ತದೆ. ಅಂಕಿಗೆ ಹಾಗೆ ಮುಂದಿನ ಮಾತಿಲ್ಲ.

“ತಪ್ಪಿದರೆ ಮತ್ತೆ ಕೇಳು” ಎಂಬ ಪದ್ಧತಿ

ಇದೇ ಮಾರ್ಟಿನೆಜ್ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದೆ, ಹಡಗುಗಳಲ್ಲಿ ಬಳಕೆಯಲ್ಲಿದ್ದ ಒಂದು ಉಪಾಯವನ್ನು ಹವ್ಯಾಸಿಗಳಿಗೆ ಒಗ್ಗಿಸಿದ್ದರು. ಅದರ ಹೆಸರು ‘ಆಮ್‌ಟರ್’. ಇದರಲ್ಲಿ ಐದರ ಬದಲು ಏಳು ಮಿಡಿತ. ಯಾವ ಅಕ್ಷರವೇ ಆಗಲಿ, ಏಳರಲ್ಲಿ ನಾಲ್ಕು ಒಂದು ಬಗೆ, ಮೂರು ಇನ್ನೊಂದು ಬಗೆ ಇರಲೇಬೇಕೆಂದು ಕಟ್ಟು. ಒಂದು ಮಿಡಿತ ಕೆಟ್ಟರೂ ನಾಲ್ಕು ಮೂರಾಗುವುದು, ಇಲ್ಲವೇ ಐದಾಗುವುದು. ಪಡೆಯುವ ಯಂತ್ರ ಎಣಿಸಿ ನೋಡಿ “ಇದು ಸರಿಯಿಲ್ಲ, ಮತ್ತೆ ಕಳುಹಿಸು” ಎನ್ನುವುದು. ಮೂರು ಮೂರು ಅಕ್ಷರ ಕಳುಹಿಸಿ, ಉತ್ತರಕ್ಕೆ ಕಾದು, ಮುಂದುವರಿಯುವುದು ಇದರ ಕ್ರಮ. ಕಣದಲ್ಲಿ ರಾಶಿ ಅಳೆಯುವಾಗ ಒಬ್ಬನು ಕೊಳಗ ಸುರಿದು “ಎರಡು” ಎಂದರೆ, ಎಣಿಸುವವನು “ಎರಡು” ಎಂದ ಮೇಲೆಯೇ ಮುಂದಿನ ಕೊಳಗ ತುಂಬುವಂತೆ.

ಇದರಲ್ಲಿಯೂ ಒಂದು ಕಿಂಡಿ ಉಳಿಯುವುದು. ಎರಡು ಮಿಡಿತಗಳು ಒಟ್ಟಿಗೆ ಕೆಟ್ಟು, ಒಂದು ‘ಉಂಟು’ ಹೋಗಿ ಒಂದು ‘ಇಲ್ಲ’ವು ‘ಉಂಟು’ ಆದರೆ ಲೆಕ್ಕ ಮತ್ತೆ ನಾಲ್ಕೇ. ಆಗ ತಪ್ಪು ನುಸುಳುವುದು.

1980ರ ದಶಕದಲ್ಲಿ ಬಂದ ‘ಪ್ಯಾಕೆಟ್’ ಪದ್ಧತಿ ಈ ಕಿಂಡಿಯನ್ನು ಬಹುಮಟ್ಟಿಗೆ ಮುಚ್ಚಿತು. ಸಂದೇಶವನ್ನು ಕಟ್ಟುಗಳಾಗಿ ಕಟ್ಟಿ, ಪ್ರತಿ ಕಟ್ಟಿನ ಕೊನೆಗೆ ಇಡೀ ಕಟ್ಟಿನಿಂದ ಲೆಕ್ಕ ಹಾಕಿದ ಒಂದು ತಾಳೆಯ ಸಂಖ್ಯೆ ಸೇರಿಸುವರು. ಇದು ನಮಗೆ ಹೊಸದಲ್ಲ. ನಿಮ್ಮ ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ಇಂತಹ ತಾಳೆಯ ಅಂಕಿಯೇ. ಬರೆಯುವವರು ಒಂದಂಕಿ ತಪ್ಪಿದರೆ, ಅಥವಾ ಅಕ್ಕಪಕ್ಕದ ಎರಡಂಕಿ ಅದಲುಬದಲು ಮಾಡಿದರೆ ಕಂಪ್ಯೂಟರು ಹಿಡಿಯುವುದು ಅದರಿಂದಲೇ. ಪ್ಯಾಕೆಟ್ಟಿನ ತಾಳೆ ಇನ್ನೂ ಬಿಗಿ: ಕುರುಡಾಗಿ ಕೆಟ್ಟ ಕಟ್ಟೊಂದು ತಾಳೆಗೆ ಸರಿಹೊಂದಿ ಒಳಗೆ ಬರುವ ಸಂಭವ 65,536ರಲ್ಲಿ ಒಂದು.

ಇಂದು ‘ವಿನ್‌ಲಿಂಕ್’ ಎಂಬ ಏರ್ಪಾಡಿನಲ್ಲಿ ಹವ್ಯಾಸಿಗಳು ಇಮೇಲನ್ನೇ ರೇಡಿಯೋ ಮೂಲಕ ಕಳುಹಿಸುವುದು ಈ “ಮತ್ತೆ ಕೇಳು” ತತ್ತ್ವದಿಂದಲೇ. 2017ರ ಸೆಪ್ಟೆಂಬರಿನಲ್ಲಿ ‘ಮರಿಯಾ’ ಚಂಡಮಾರುತ ಪೋರ್ಟೊರಿಕೊ ದ್ವೀಪವನ್ನು ಹೊಡೆದಾಗ ಇಡೀ ದ್ವೀಪದ ಕರೆಂಟು ಹೋಯಿತು. ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ 95ರಷ್ಟು ನಿಂತುಹೋದವು. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಕೋರಿಕೆಯಂತೆ 22 ಮಂದಿ ಹವ್ಯಾಸಿಗಳು ಅಲ್ಲಿಗೆ ತೆರಳಿದರು. ಬದುಕುಳಿದವರ ವಿವರಗಳನ್ನು ಹೊರಗೆ ಮುಟ್ಟಿಸುವುದು ಅವರ ಕೆಲಸಗಳಲ್ಲೊಂದು. ನೂರಾರು ಹೆಸರುಗಳನ್ನು ಒಂದೊಂದಕ್ಷರವಾಗಿ ಬಾಯಲ್ಲಿ ಹೇಳುವುದೆಷ್ಟು ಕಷ್ಟವೆಂದು ಪಡಿತರ ಪಟ್ಟಿ ಓದಿದವರಿಗೆ ಹೇಳಬೇಕಾಗಿಲ್ಲ. ಉದ್ದನೆಯ ಪಟ್ಟಿಗೆ ತಾಳೆಯಿರುವ ಡಿಜಿಟಲ್ ಪದ್ಧತಿಯೇ ತಕ್ಕದ್ದು.

ಆದರೆ ಇದರ ದೌರ್ಬಲ್ಯವೂ ಒಂದುಂಟು. ದಾರಿ ಕೆಟ್ಟಿದ್ದರೆ “ಮತ್ತೆ, ಮತ್ತೆ” ಎಂದು ಕೇಳುವುದರಲ್ಲಿಯೇ ಹೊತ್ತು ಹೋಗಿ ಕೊನೆಗೆ ಸಂಪರ್ಕ ಕಡಿಯುವುದು. ಸುಳ್ಳು ಮುಟ್ಟದು, ನಿಜವೂ ಮುಟ್ಟದೆ ಇರಬಹುದು.

“ಕುಣಿಗೆ ಎರಡು ಕಾಳು” ಎಂಬ ಪದ್ಧತಿ

ಮುಸುಕಿನ ಜೋಳ ಊರುವಾಗ ಕುಣಿಗೆ ಒಂದೇ ಕಾಳು ಹಾಕದೆ ಎರಡು ಹಾಕುವುದೇಕೆ? ಒಂದು ಹುಳುವಿಗೆ ಹೋದರೆ ಇನ್ನೊಂದಾದರೂ ಏಳಲೆಂದು. ಸಂದೇಶದಲ್ಲಿಯೂ ಮತ್ತೆ ಕೇಳುವ ಮೊದಲೇ ಹೆಚ್ಚುವರಿಯನ್ನು ಬಿತ್ತಿಬಿಡುವ ಪದ್ಧತಿಯುಂಟು. ಪೇಟೆಯಲ್ಲಿ ಹಣ ಕೊಡುವಾಗ ನೀವು ಫೋನು ಹಿಡಿಯುವ ಕ್ಯೂಆರ್ ಚೌಕ ನೋಡಿರಿ. ಮೂಲೆಯಲ್ಲಿ ಎಣ್ಣೆ ಮೆತ್ತಿದ್ದರೂ ಅದು ಕೆಲಸ ಮಾಡುವುದುಂಟು. ಅದರಲ್ಲಿ ಹೆಚ್ಚುವರಿ ಗುರುತುಗಳಿರುವುದರಿಂದ, ಬಳಸಿದ ಮಟ್ಟಕ್ಕೆ ತಕ್ಕಂತೆ ನೂರಕ್ಕೆ ಸುಮಾರು 7ರಿಂದ 30 ಪಾಲಿನವರೆಗೆ ಕೆಟ್ಟರೂ ಯಂತ್ರ ಸರಿಪಡಿಸಿಕೊಳ್ಳುವುದು.

ಎಷ್ಟೇ ಗದ್ದಲವಿರುವ ದಾರಿಯಾದರೂ, ಅದು ತಡೆಯುವ ವೇಗದ ಮಿತಿಯೊಳಗಿದ್ದರೆ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದೆಂದು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿಯೇ ಗಣಿತದಿಂದ ತೋರಿಸಿದ್ದರು. 1960ರ ಸುಮಾರಿನಲ್ಲಿ ರಾಬರ್ಟ್ ಗ್ಯಾಲಗರ್ ಎಂಬವರು ಅದಕ್ಕೊಂದು ಒಳ್ಳೆಯ ತಾಳೆಯ ಜಾಲವನ್ನು ಹೆಣೆದರು. ಆಗಿನ ಕಂಪ್ಯೂಟರುಗಳಿಗೆ ಅದು ಹೊರಲಾರದ ಹೊರೆಯಾದ್ದರಿಂದ ಬಹುಕಾಲ ಮೂಲೆಯಲ್ಲಿತ್ತು. ಇಂದು ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ‘ಎಫ್‌ಟಿ-8’ ಪದ್ಧತಿ ಆ ಜಾಲವನ್ನೇ ಉಪಯೋಗಿಸುವುದು. 2017ರಲ್ಲಿ ಇದನ್ನು ತಂದವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ. ಟೇಲರ್ ಅವರು ಆಕಾಶದ ನಕ್ಷತ್ರಗಳ ಕ್ಷೀಣ ಸಂಕೇತಗಳನ್ನು ಅರಸಿ 1993ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ವಿಜ್ಞಾನಿ.

ಎಫ್‌ಟಿ-8ರ ಲೆಕ್ಕ ಹೀಗಿದೆ. ಒಂದು ಸಂದೇಶಕ್ಕೆ 77 ಕಾಳು. ಇಲ್ಲಿ ‘ಕಾಳು’ ಎಂದರೆ ಕಂಪ್ಯೂಟರಿನವರು ‘ಬಿಟ್’ ಎನ್ನುವ ಒಂದು ‘ಉಂಟು-ಇಲ್ಲ’. ಅದಕ್ಕೆ ತಾಳೆ ನೋಡಲು 14 ಸೇರಿ 91. ಕೆಟ್ಟದ್ದನ್ನು ಸರಿಪಡಿಸಲು ಇನ್ನೂ 83 ಸೇರಿ 174. ಅಂದರೆ 77 ಕಾಳಿನ ಬೆಳೆಗೆ 97 ಹೆಚ್ಚುವರಿ ಕಾಳು. ಪ್ರತಿಯೊಂದು ಕಾಳೂ ಮೂರು ಬೇರೆ ಬೇರೆ ತಾಳೆಗಳಲ್ಲಿ ಸೇರಿರುವುದು. ಒಂದು ಬದುವಿಗೆ ಮೂವರು ಸಾಕ್ಷಿ ಇದ್ದಂತೆ. ಒಬ್ಬ ಸಾಕ್ಷಿ ಮರೆತರೆ ಉಳಿದಿಬ್ಬರಿಂದ ಬದು ಎಲ್ಲಿತ್ತೆಂದು ತೀರ್ಮಾನಿಸಬಹುದು. ಇಷ್ಟನ್ನೂ ಎಂಟು ಸ್ವರಗಳಲ್ಲಿ 12.64 ಸೆಕೆಂಡು ಹಾಡಿ, 15 ಸೆಕೆಂಡಿಗೊಂದು ಸರದಿಯಂತೆ ಕಳುಹಿಸುವರು.

ಇದರ ಫಲವೇನು? ಮಾತಿಗೆ ಬೇಕಾಗುವಷ್ಟು ಅಗಲದ ದಾರಿಯಲ್ಲಿ ಗದ್ದಲ ಸುಮಾರು 125 ಪಾಲು, ಸಂಕೇತ ಒಂದು ಪಾಲು ಇದ್ದರೂ ಎಫ್‌ಟಿ-8 ಓದಬಲ್ಲುದು. ಕಿವಿಗೆ ಅಲ್ಲಿ ಏನೂ ಕೇಳಿಸದು. ಇದು ಮಂತ್ರವಲ್ಲ. ಎಫ್‌ಟಿ-8 ಹಿಡಿಯುವ ಜಾಗ ಆ ಅಗಲದಲ್ಲಿ ಐವತ್ತನೆಯ ಒಂದು ಪಾಲು ಮಾತ್ರ. ಇಡೀ ಬಾಗಿಲು ತೆರೆಯದೆ ಸಣ್ಣ ಕಿಂಡಿಯಿಂದ ನೋಡಿದರೆ ಒಳಗೆ ಬರುವ ಧೂಳೂ ಐವತ್ತನೆಯ ಪಾಲೇ. ಆ ಕಿಂಡಿಯಲ್ಲಿ ಲೆಕ್ಕ ಹಾಕಿದರೆ ಎರಡೂವರೆ ಪಾಲು ಗದ್ದಲಕ್ಕೆ ಒಂದು ಪಾಲು ಸಂಕೇತ. ಉಳಿದದ್ದನ್ನು ಹೆಚ್ಚುವರಿ ಕಾಳುಗಳು ನೋಡಿಕೊಳ್ಳುವುವು.

ಹಾಗಾದರೆ ಎಲ್ಲಕ್ಕೂ ಇದನ್ನೇ ಬಳಸಬಾರದೇ? ಬಾರದು. ಒಂದು ಸರದಿಯಲ್ಲಿ ನಮ್ಮ ಸ್ವಂತ ಮಾತು ಕಳುಹಿಸುವುದಾದರೆ 13 ಅಕ್ಷರ ಮಾತ್ರ. 60 ಅಕ್ಷರದ ಸುದ್ದಿಗೆ ಐದು ಸರದಿ. ಒಂದು ಬಿಟ್ಟೊಂದು ಸರದಿ ಎದುರಿನವರದಾದ್ದರಿಂದ ಎರಡೂವರೆ ನಿಮಿಷ. ಮಧ್ಯದ ಒಂದು ಸರದಿ ಕಳೆದರೆ ಅದನ್ನು ತಾನಾಗಿ ಮತ್ತೆ ಕೇಳುವ ಏರ್ಪಾಡೂ ಅದರಲ್ಲಿಲ್ಲ. ಅದು ಇಬ್ಬರು ಹವ್ಯಾಸಿಗಳು ಒಬ್ಬರನ್ನೊಬ್ಬರು ಕೇಳಿದೆವೆಂದು ಖಚಿತಪಡಿಸಿಕೊಳ್ಳಲು ಮಾಡಿದ ಪದ್ಧತಿ. ಅಕ್ಕಿಯ ಪಟ್ಟಿ ಹೊರಲು ಮಾಡಿದ ಗಾಡಿಯಲ್ಲ. ತಾಳೆಯಲ್ಲಿಯೂ ಅಪರೂಪಕ್ಕೆ ಸುಳ್ಳು ನುಸುಳುವುದು. 14 ಕಾಳಿನ ತಾಳೆಗೆ ಕುರುಡಾಗಿ ಹೊಂದುವ ಸಂಭವ 16,384ರಲ್ಲಿ ಒಂದಾದರೂ, ಕಂಪ್ಯೂಟರು ಪ್ರತಿ ಸರದಿಯಲ್ಲಿಯೂ ಅನೇಕ ಕಡೆ ಹುಡುಕುತ್ತಿರುವುದರಿಂದ, ಯಾರೂ ಕಳುಹಿಸದ ಸಂದೇಶವೊಂದು ಆಗೊಮ್ಮೆ ಈಗೊಮ್ಮೆ ತೆರೆಯ ಮೇಲೆ ಮೂಡುವುದುಂಟು.

ಉದ್ದನೆಯ ಮಾತನ್ನು ಗದ್ದಲದಲ್ಲಿ ನಡೆಸಲು ‘ಒಲಿವಿಯಾ’ ಎಂಬ ಪದ್ಧತಿಯೂ, ಎಫ್‌ಟಿ-8ರ ತಳಹದಿಯ ಮೇಲೆಯೇ ಮಾತುಕತೆಗೆಂದು ಕಟ್ಟಿದ ‘ಜೆಎಸ್-8 ಕಾಲ್’ ಎಂಬುದೂ ಇವೆ. ವೇಗ ಕಡಿಮೆ, ಗಟ್ಟಿತನ ಹೆಚ್ಚು.

ಯಾವ ಪದ್ಧತಿಯೂ ಮಾಡಲಾರದ ಕೆಲಸ

ಮಳೆಯಿಲ್ಲದ ಕಡೆ ಒಳ್ಳೆಯ ಬೀಜ ಏನು ಮಾಡೀತು? ರೇಡಿಯೋದ ದಾರಿಯೇ ಮುಚ್ಚಿದ್ದರೆ ಯಾವ ಡಿಜಿಟಲ್ ಪದ್ಧತಿಯೂ ತೆರೆಯಲಾರದು. ಸೂರ್ಯನ ಮೇಲೆ ಸ್ಫೋಟವಾದರೆ ಹಗಲಿರುವ ಕಡೆ ಕಿರುತರಂಗಗಳು ಕೆಲಕಾಲ ಅಡಗಿಹೋಗುವುದುಂಟು. 2024ರ ಮೇ 10 ಮತ್ತು 11ರಂದು, 2003ರ ಅಕ್ಟೋಬರ್ ತರುವಾಯದ ಅತಿ ದೊಡ್ಡ ಕಾಂತಬಿರುಗಾಳಿ ಭೂಮಿಯನ್ನು ಮುಟ್ಟಿದಾಗ ಕಿರುತರಂಗದ ಸಂಪರ್ಕ ಬಹಳ ಕಡೆ ಕೆಟ್ಟಿತ್ತು.

ಇನ್ನೊಂದು ಸಂಗತಿ. ಮಾತಿನ ರೇಡಿಯೋ ಕೆರೆಯ ಇಳಿಜಾರಿನಂತೆ. ನೀರು ಮೊಳಕಾಲು, ಸೊಂಟ, ಎದೆ ಎಂದು ತಿಳಿಯುತ್ತಾ ಹೋಗುವುದು. ಡಿಜಿಟಲ್ ಸಂದೇಶ ಕಟ್ಟೆಯಿಲ್ಲದ ಬಾವಿಯಂತೆ. ಅಂಚಿನವರೆಗೆ ಗಟ್ಟಿ ನೆಲ, ಮುಂದೆ ಒಂದು ಹೆಜ್ಜೆಯಿಟ್ಟರೆ ಏನೂ ಇಲ್ಲ. ನಿನ್ನೆ ಸಂಜೆ ಒಂದಕ್ಷರ ತಪ್ಪದೆ ಬಂದಿತೆಂದು ಇಂದು ರಾತ್ರಿಯೂ ಬರುವುದೆಂದು ನಂಬಿ ಕೂರಬಾರದು.

ಎಫ್‌ಟಿ-8ಕ್ಕೆ ಗಡಿಯಾರವೂ ಸರಿಯಿರಬೇಕು. ಕಂಪ್ಯೂಟರಿನ ಗಡಿಯಾರ ಸುಮಾರು ಒಂದು ಸೆಕೆಂಡಿಗಿಂತ ಹೆಚ್ಚು ಆಚೀಚೆಯಾದರೆ ಕೆಲಸ ಕೆಡತೊಡಗುವುದು. ಇಂಟರ್‌ನೆಟ್ ಇರುವಾಗ ಗಡಿಯಾರ ತಾನಾಗಿ ಸರಿಹೋಗುವುದು, ನೆರೆಯಲ್ಲಿ ಅದಿರದು. ಜಿಪಿಎಸ್‌ನಿಂದ ಗಂಟೆ ಪಡೆಯುವ ಏರ್ಪಾಡು ಮೊದಲೇ ಮಾಡಿಕೊಂಡಿರಬೇಕು. ಮೇಲಾಗಿ, ಸಂದೇಶ ಹೋಗುವಷ್ಟು ಹೊತ್ತೂ ರೇಡಿಯೋ ಪೂರ್ತಿ ದುಡಿಯುವುದರಿಂದ ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು. ಶಕ್ತಿಯನ್ನು ತಗ್ಗಿಸಿ ನಡೆಸುವುದು ಜಾಣತನ. ಕಂಪ್ಯೂಟರಿನ ದನಿಯನ್ನು ಅತಿಯಾಗಿ ಏರಿಸಿದರೆ ಸಂಕೇತ ಒಡೆದು ಅಕ್ಕಪಕ್ಕದವರ ಕೆಲಸವನ್ನೂ ಕೆಡಿಸುವುದು. “ಪದ್ಧತಿ ಸರಿಯಿಲ್ಲ” ಎಂಬ ದೂರುಗಳಲ್ಲಿ ಇಂತಹ ಕೈತಪ್ಪಿನ ಪಾಲೂ ಇರುವುದು.

ನಮ್ಮ ಹಳ್ಳಿಗಳಲ್ಲಿಯೂ ಗದ್ದಲದ ಮೂಲಗಳು ಕಡಿಮೆಯಿಲ್ಲ. ಅಗ್ಗದ ಎಲ್ಇಡಿ ಬಲ್ಬು, ಸೋಲಾರ್ ಪಂಪಿನ ಇನ್‌ವರ್ಟರ್, ಕಾಡುಪ್ರಾಣಿಗಳಿಗೆಂದು ಹಾಕಿದ ಕರೆಂಟು ಬೇಲಿಯ ಟಕಟಕ, ಇವೆಲ್ಲ ರೇಡಿಯೋಗೆ ಸದ್ದು ತುಂಬುವುವು. ಊರಿನ ಕರೆಂಟು ಹೋದ ರಾತ್ರಿ ಈ ಸದ್ದೂ ತಗ್ಗಿ ರೇಡಿಯೋ ಹೆಚ್ಚು ಚೆನ್ನಾಗಿ ಕೇಳಿಸುವುದು ಸೋಜಿಗದ ಮಾತಾದರೂ ನಿಜ.

ಮೂರನೆಯ ಪ್ರಶ್ನೆ: ತಿಳಿಯಿತೇ?

ಮೇಲೆ ಹೇಳಿದ ರಿಟ್ಟಿ, ಎಫ್‌ಟಿ-8 ಮೊದಲಾದವು ನಡೆಸುವುದು ಇಂಗ್ಲಿಷ್ ದೊಡ್ಡಕ್ಷರಗಳನ್ನು ಮಾತ್ರ. ಕನ್ನಡದ ಮಾತನ್ನು ಆ ಅಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಯಂತ್ರಕ್ಕೆ ಕಾಣದ ಹಳ್ಳವೊಂದಿದೆ. ‘ಬಿ, ಇ, ಎಲ್, ಇ’ ಎಂದು ಬಂದರೆ ಅದು ಬೇಳೆಯೇ, ಬೆಳೆಯೇ, ಬೆಲೆಯೇ? ‘ಎಚ್, ಎ, ಎಲ್, ಯು’ ಎಂದು ಬಂದರೆ ಹಾಲೇ, ಹಾಳೇ? “20 ಲೀಟರ್ ಹಾಲು” ಎಂಬುದರಲ್ಲಿ ಗೊಂದಲವಿಲ್ಲ. ಆದರೆ “ಮೂರು ಮನೆ ಹಾಳು” ಎಂಬುದನ್ನು “ಮೂರು ಮನೆಗೆ ಹಾಲು” ಎಂದು ತಿಳಿದವನು ಹಾಲಿನ ಕ್ಯಾನು ಕಳುಹಿಸಿಯಾನು, ಜನರನ್ನು ಕಳುಹಿಸನು. 174 ಕಾಳುಗಳೂ ಸರಿಯಾಗಿ ಮುಟ್ಟಿದರೂ ಸಂದೇಶ ಕೆಟ್ಟಿತು.

ಸಂದೇಶ ಬರೆಯುವ ಕ್ರಮ

ಆದಕಾರಣ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು. ಇವು ರೇಡಿಯೋಗೆ ಮಾತ್ರವಲ್ಲ. ಕರಕರ ಎನ್ನುವ ಫೋನಿನಲ್ಲಿ ಗೊಬ್ಬರ ತರಿಸುವಾಗಲೂ ಉಪಯೋಗಕ್ಕೆ ಬರುವುವು.

1. ಅಂಕಿಯನ್ನು ಅಂಕಿಯಲ್ಲಿಯೂ ಮಾತಿನಲ್ಲಿಯೂ ಬರೆಯಿರಿ: “70, ಎಪ್ಪತ್ತು”. ಬ್ಯಾಂಕಿನ ಚೆಕ್ಕಿನಲ್ಲಿ ಬರೆಸುವುದು ಇದಕ್ಕೇ. ಒಂದು ಕೆಟ್ಟರೆ ಇನ್ನೊಂದು ಹೇಳುವುದು.

2. ಕೇರಿವಾರು ಪಟ್ಟಿಯಾದರೆ ಕೊನೆಗೆ ಒಟ್ಟು ಮೊತ್ತ ಹಾಕಿರಿ. ಪಡೆದವರು ಕೂಡಿಸಿ ನೋಡಲಿ.

3. ಸಂದೇಶದಲ್ಲಿ ಎಷ್ಟು ಪದಗಳಿವೆ ಎಂದು ಮೊದಲೇ ತಿಳಿಸಿರಿ. ಅಮೆರಿಕದ ಹವ್ಯಾಸಿಗಳ ರೇಡಿಯೋಗ್ರಾಮಿನಲ್ಲಿ ಇದು ಹಳೆಯ ಕಟ್ಟಳೆ. ಒಂದು ಪದ ಕಳೆದರೂ ತಿಳಿಯುವುದು.

4. ‘ಬೇಳೆ’ ಎನ್ನದೆ ‘ತೊಗರಿ’ ಎನ್ನಿರಿ. ‘ಹಾಳು’ ಎನ್ನದೆ ‘ಗೋಡೆ ಬಿದ್ದಿದೆ’ ಎನ್ನಿರಿ. ಎರಡರ್ಥ ಬರುವ ಮಾತುಗಳ ಪಟ್ಟಿಯನ್ನು ಹವ್ಯಾಸಿಯೊಡನೆ ಕುಳಿತು ಮಳೆಗಾಲಕ್ಕೆ ಮುಂಚೆಯೇ ಮಾಡಿಕೊಳ್ಳಿರಿ.

5. ಊರು, ತಾರೀಖು, ಗಂಟೆ, ಕಳುಹಿಸುವವರ ಹೆಸರು ಬಿಡಬೇಡಿರಿ. ಬೆಳಗಿನ ಸುದ್ದಿ ಸಂಜೆಗೆ ಮುಟ್ಟಿದರೆ ಎರಡು ಸಲ ಕೇಳಿದಂತಾಗಬಾರದು.

6. ಪಡೆದವರು ಅಂಕಿಗಳನ್ನು ಹಿಂದಕ್ಕೆ ಓದಿ ಹೇಳುವವರೆಗೆ ಸಂದೇಶ ಮುಟ್ಟಿತೆಂದು ಲೆಕ್ಕ ಹಿಡಿಯಬೇಡಿರಿ. “ಸರಿ” ಎಂಬ ಒಂದು ಮಾತು ಸಾಲದು. “ಎಪ್ಪತ್ತು ಚೀಲ, ಸರಿ” ಎನ್ನಬೇಕು.

7. ಪ್ರಾಣದ ಮಾತಾದರೆ ಒಂದೇ ದಾರಿಯನ್ನು ನಂಬಬೇಡಿರಿ. ರೇಡಿಯೋದಲ್ಲಿ ಕಳುಹಿಸಿ, ದಾರಿ ಇದ್ದರೆ ಕಾಗದ ಕೊಟ್ಟು ಆಳನ್ನೂ ಕಳುಹಿಸಿರಿ.

ಯಾವ ಕೆಲಸಕ್ಕೆ ಯಾವುದು?

ಮೇಲಿನದನ್ನೆಲ್ಲ ಒಟ್ಟುಗೂಡಿಸಿದರೆ ಹೀಗಾಗುವುದು. ತುರ್ತು ಮಾತು, ಕೇಳಿ ಉತ್ತರ ಪಡೆಯಬೇಕಾದ ಮಾತು ಆಗಿದ್ದು ದಾರಿ ಚೆನ್ನಾಗಿದ್ದರೆ, ಬಾಯಿಮಾತು. ಹೆಸರು, ಅಂಕಿ ತುಂಬಿದ ಉದ್ದನೆಯ ಪಟ್ಟಿಗೆ ವಿನ್‌ಲಿಂಕಿನಂತೆ ತಾಳೆ ನೋಡಿ ಮತ್ತೆ ಕೇಳುವ ಪದ್ಧತಿ. ಗದ್ದಲ ಹೆಚ್ಚಿ ಮಾತು ಕೇಳದಿದ್ದಾಗ ಚಿಕ್ಕ ಸುದ್ದಿಗೆ ಒಲಿವಿಯಾ ಅಥವಾ ಜೆಎಸ್-8. ದಾರಿ ತೆರೆದಿದೆಯೇ ಎಂದು ನೋಡಲು ಎಫ್‌ಟಿ-8. ರಿಟ್ಟಿ ಮತ್ತು ಪಿಎಸ್‌ಕೆ-31 ಹರಟೆಗೆ. ಅಂಕಿಗೆ ಬಳಸಲೇಬೇಕಾದರೆ ಎರಡೆರಡು ಸಲ ಕಳುಹಿಸಿ, ಹಿಂದಕ್ಕೆ ಓದಿಸಿಕೊಳ್ಳತಕ್ಕದ್ದು.

ಮೊಳಕೆ ಪರೀಕ್ಷೆ ಮಾಡಿರಿ

ಕೃಷಿ ಶಾಲೆಯಲ್ಲಿ ನಮಗೆ ಕಲಿಸುವ ಮೊದಲ ಪಾಠಗಳಲ್ಲೊಂದು, ಬಿತ್ತನೆಗೆ ಮುಂಚೆ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಎಷ್ಟು ಮೊಳೆಯಿತೆಂದು ಎಣಿಸುವುದು. ಚೀಲದ ಮೇಲೆ ಏನೇ ಅಚ್ಚಾಗಿರಲಿ, ನಮ್ಮ ಎಣಿಕೆಯೇ ನಮಗೆ ಪ್ರಮಾಣ. ರೇಡಿಯೋಗೂ ಇಂತಹ ಪರೀಕ್ಷೆಯುಂಟು. ಜೋ ಟೇಲರ್ ಅವರೇ 2008ರಲ್ಲಿ ತಂದ ‘ವಿಸ್ಪರ್’ ಎಂಬ ಪದ್ಧತಿಯಲ್ಲಿ ಒಂದು ಕೇಂದ್ರ ತನ್ನ ಗುರುತು, ತಾನಿರುವ ಜಾಗ, ತನ್ನ ಶಕ್ತಿ ಇಷ್ಟನ್ನೇ ಸುಮಾರು ಎರಡು ನಿಮಿಷ ನಿಧಾನವಾಗಿ ಕಳುಹಿಸುವುದು. ಯಾವ ಯಾವ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ಮುಟ್ಟಿತೆಂದು ನೋಡಿ ದಾರಿಯ ಗುಣ ತಿಳಿಯಬಹುದು.

ನಿಮ್ಮ ತಾಲ್ಲೂಕಿನಲ್ಲಿ ಲೈಸೆನ್ಸ್ ಇರುವ ಹವ್ಯಾಸಿ ಯಾರಾದರೂ ಇದ್ದರೆ ಬೇಸಿಗೆಯಲ್ಲಿಯೇ ಅವರನ್ನು ಊರಿಗೆ ಕರೆಯಿರಿ. ಶಾಲೆಯ ಅಂಗಳದಲ್ಲಿ ಏರಿಯಲ್ ತಂತಿಯನ್ನು ಎತ್ತರಿಸದೆ ತಗ್ಗಾಗಿಯೇ ಕಟ್ಟಿ, ಕಾರಂಜಿಯ ನೀರು ಮೇಲೇರಿ ಸುತ್ತಲೂ ಬೀಳುವಂತೆ ಸಂಕೇತವನ್ನು ಮೇಲಕ್ಕೆ ಬಿಟ್ಟರೆ, ನಡುವೆ ಗುಡ್ಡವಿದ್ದರೂ ಅಕ್ಕಪಕ್ಕದ ಜಿಲ್ಲೆಗಳಿಗೆ ಮುಟ್ಟುವುದು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಇಪ್ಪತ್ತು ಇಪ್ಪತ್ತು ಸಂದೇಶ ಕಳುಹಿಸಿ, ಎಷ್ಟು ಮುಟ್ಟಿದವು, ಮುಟ್ಟಿದವುಗಳಲ್ಲಿ ಎಷ್ಟು ಸರಿಯಾಗಿದ್ದವು ಎಂದು ಶಾಲೆಯ ಮಕ್ಕಳಿಂದಲೇ ಪುಸ್ತಕದಲ್ಲಿ ಬರೆಸಿರಿ. ಅವರಲ್ಲಿ ಒಬ್ಬಿಬ್ಬರಿಗೆ ಈ ವಿದ್ಯೆಯಲ್ಲಿ ಆಸೆ ಹುಟ್ಟಿ ಪರೀಕ್ಷೆಗೆ ಕುಳಿತರೆ ಊರಿಗೊಂದು ಆಸ್ತಿಯಾಯಿತು.

ಆ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲಿ ಇಟ್ಟಿರಿ. ಹೊಳೆ ಏರಿದ ದಿನ ಯಾವ ಹೊತ್ತಿಗೆ ಯಾವ ಪದ್ಧತಿ ನಡೆಯುವುದೆಂದು ಅದನ್ನು ತೆರೆದು ನೋಡಿದರೆ ಸಾಕು.